ಊರಿಗೆಲ್ಲ ಒಂದೇ ಹಗ್ಗ

ನಮ್ಮೂರಲ್ಲಿ ಮಗು ಹುಟ್ಟಿದರೆ ಬಾವಿ ತೋಡುತ್ತಾರೆ. ತೊಟ್ಟಿಲು ಆಮೇಲೆ, ಹೆಸರಿಡೋದು ಆಮೇಲೆ, ಮೊದಲು ಬಾವಿ. ಮಗು ಅತ್ತ ಕೂಡಲೇ ಅಪ್ಪ ಗುದ್ದಲಿ ಹಿಡಿದು ಹಿತ್ತಲಿಗೆ ಹೋಗುತ್ತಾನೆ, ನೀರು ಸಿಗೋ ತನಕ ಅಗೆಯುತ್ತಾನೆ. ಒಂದು ಮಗುವಿನ ಬಾವಿಯಲ್ಲಿ ಅಪ್ಪನ ಸೊಂಟ ಮುಳುಗುವಷ್ಟರಲ್ಲೇ ನೀರು ಬರುತ್ತೆ. ಇನ್ನೊಂದು ಮಗುವಿನ ಬಾವಿಯಲ್ಲಿ ಅಪ್ಪ ಕಣ್ಣಿಗೇ ಕಾಣದ ಹಾಗೆ ಕೆಳಗಿಳಿದು, ಮೇಲೆ ನಿಂತ ಚಿಕ್ಕಪ್ಪಂದಿರು ಮಣ್ಣು ಎಳೆದೂ ಎಳೆದೂ ಸೋತು, ಅಮ್ಮ ಬಾಣಂತನ ಮುಗಿಸಿ ಎದ್ದು ಓಡಾಡೋ ಹೊತ್ತಿಗೆ ನೀರು ಸಿಗುತ್ತೆ. ಆ ಆಳವನ್ನು ಆವತ್ತು ಎಲ್ಲರೂ ಕಣ್ಣಾರೆ ನೋಡಿರುತ್ತಾರೆ. ಮಾರನೇ ದಿನ ಎಲ್ಲರೂ ಮರೆತಿರುತ್ತಾರೆ.

ಅಗೆದ ಮೇಲೆ ಬಾವಿಗೆ ಒಂದು ಕೊಡ ಇಳಿಯುವಷ್ಟೇ ಬಾಯಿ ಬಿಟ್ಟು ಸುತ್ತ ಕಟ್ಟೆ ಕಟ್ಟುತ್ತಾರೆ. ಆಮೇಲೆ ಅದರೊಳಗೆ ಯಾರೂ ಇಣುಕಬಾರದು. ಮಗುವಿಗೆ ದೃಷ್ಟಿಯಾಗುತ್ತಂತೆ. ಇಣುಕಿದರೂ ಏನು ಕಾಣುತ್ತೆ, ಬರೀ ಕತ್ತಲೆ. ಆ ಕತ್ತಲೆಯೊಳಗೆ ನೀರು ತನ್ನ ಪಾಡಿಗೆ ಏರುತ್ತೆ, ಇಳಿಯುತ್ತೆ. ಮಳೆಗೂ ಅದಕ್ಕೂ ಸಂಬಂಧ ಇಲ್ಲ. ಮಗು ಬೆಳೆದ ಹಾಗೆ ಅದೂ ಜಾಗ ಬದಲಾಯಿಸುತ್ತೆ, ಅಷ್ಟೆ.

ಇನ್ನು ಹಗ್ಗ. ಹಗ್ಗ ಮಾತ್ರ ಊರಿಗೆಲ್ಲ ಒಂದೇ.

ಚೌಕದಲ್ಲಿ ಎರಡು ಕಲ್ಲುಕಂಬ ಇವೆ. ಈ ಊರಲ್ಲಿ ಮೊಟ್ಟಮೊದಲು ನೀರು ಸೇದಿದ ಪುಣ್ಯಾತ್ಮ ತನ್ನ ಹಗ್ಗವನ್ನು ಆ ಕಂಬದಿಂದ ಈ ಕಂಬಕ್ಕೆ ಕಟ್ಟಿ ಒಣಗಿಸಿದನಂತೆ. ಅವನ ಬಾವಿಗೆ ಆ ಹಗ್ಗ ಸರಿಹೋಯ್ತು. ಅವನ ಬಾವಿಗೆ ಸರಿಹೋದದ್ದೇ ನಮ್ಮ ಗ್ರಹಚಾರ. ಆವತ್ತಿನಿಂದ ಪ್ರತಿ ಮಗುವಿನ ಹಗ್ಗ ಆ ಕಂಬದಿಂದ ಈ ಕಂಬಕ್ಕೆ ಬಿಗಿಯಾಗಿ ನಿಲ್ಲಬೇಕು. ಒಂದು ಬೆರಳು ಹೆಚ್ಚಾಗಬಾರದು, ಒಂದು ಬೆರಳು ಕಮ್ಮಿಯಾಗಬಾರದು.

ವರ್ಷಕ್ಕೊಮ್ಮೆ ಸೇದುವ ದಿನ. ಹಗ್ಗದ ಒಂದು ತುದಿ ಕಟ್ಟೆಯ ಗೂಟಕ್ಕೆ, ಇನ್ನೊಂದು ತುದಿ ಮಣ್ಣಿನ ಕೊಡದ ಕತ್ತಿಗೆ. ಮಗು ಹಗ್ಗ ಇಳಿಬಿಡಬೇಕು. ಊರೆಲ್ಲ ಸುತ್ತ ನಿಂತು ಒಂದೇ ದನಿಯಲ್ಲಿ ಕೂಗುತ್ತೆ: "ಬಿಡು, ಪೂರ್ತಿ ಬಿಡು! ಬಿಡು, ಪೂರ್ತಿ ಬಿಡು!" ಹಗ್ಗ ಪೂರ್ತಿ ಒಳಗೆ ಹೋಗಬೇಕು, ಕೈಯಲ್ಲಿ ಒಂದು ಗೇಣೂ ಉಳಿಯಬಾರದು. ಅದೇ ನೇಮ. ನೀರು ಆಳದಲ್ಲಿದ್ದ ಮಗುವಿನ ಕೊಡ ಗಾಳಿಯಲ್ಲಿ ತೂಗಾಡಿ ಬರಿದಾಗಿ ಬರುತ್ತೆ. ನೀರು ಮೇಲಿದ್ದ ಮಗುವಿನ ಕೊಡ ತಳಕ್ಕೆ ಬಡಿದು ಒಡೆಯುತ್ತೆ, ಒಡೆಯದಿದ್ದರೆ ಬಾಯಿ ತುಂಬ ಕೆಸರು ತರುತ್ತೆ. ನಡುವೆ ಯಾವುದೋ ನಾಲ್ಕು ಮಕ್ಕಳ ಬಾವಿ ಆ ಪುಣ್ಯಾತ್ಮನ ಬಾವಿಯ ಹಾಗೇ ಇರುತ್ತೆ, ಅವರ ಕೊಡ ತುಂಬಿ ಬರುತ್ತೆ. ಊರು ಅವರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತೆ.

ಮೂರು ಸಲ ತಪ್ಪಿದರೆ ಬಾವಿ ಬತ್ತಿದೆ ಅಂತ ಲೆಕ್ಕ. ಬಾವಿಯ ಬಾಯಿಗೆ ಚಪ್ಪಡಿ ಕಲ್ಲು ಎಳೆಯುತ್ತಾರೆ. ಆ ಮಗುವಿಗೆ ಒಂದು ಚೊಂಬು ಕೊಡುತ್ತಾರೆ. ಆಮೇಲೆ ಜೀವಮಾನವೆಲ್ಲ ಆ ಚೊಂಬು ಸೊಂಟಕ್ಕೆ ಕಟ್ಟಿಕೊಂಡು, ಕಂಡವರ ಬಾಗಿಲಲ್ಲಿ ನಿಂತು, "ಒಂದು ಚೊಂಬು ನೀರು ಕೊಡ್ತೀರಾ?" ಅಂತ ಕೇಳಬೇಕು. ಕೊಡೋ ತನಕ ನಿಂತಿರಬೇಕು. ತಾನಾಗಿ ಬಗ್ಗಿ ತಗೊಳ್ಳೋ ಹಾಗಿಲ್ಲ.

ನಾನು ಈ ಊರಿನ ಹಗ್ಗದಕ್ಕ. ಅಂದರೆ ಮಕ್ಕಳಿಗೆ ಹಗ್ಗ ಹೊಸೆಯೋದು ಕಲಿಸೋಳು. ನನ್ನ ಪಾಡು ಯಾವ ಶತ್ರುವಿಗೂ ಬೇಡ.

ಹಗ್ಗದ ಮನೆ ಅಂತ ಒಂದು ಉದ್ದನೆಯ ಚಪ್ಪರ ಇದೆ. ಹಾಲುಹಲ್ಲು ಬೀಳದವರೂ ಅಲ್ಲೇ, ಮೀಸೆ ಚಿಗುರಿದವರೂ ಅಲ್ಲೇ, ಒಂದೇ ಸಾಲು. ಬೆಳಗ್ಗೆ ಬೆಳಗ್ಗೆ ಅಳತೆ ಯಜಮಾನರ ಕಡೆಯವನು ಬೀದಿಯಲ್ಲಿ ತಮಟೆ ಬಡಿದು ಸಾರುತ್ತಾನೆ: "ಇವತ್ತು ಎಲ್ಲರೂ ನಾರು ಬಡಿಯೋದು!" ಆಯ್ತು, ಎಲ್ಲರೂ ನಾರು ಬಡಿಯಬೇಕು. ಪುಟ್ಟವಕ್ಕೆ ಬಡಿಯೋ ಮರದ ಕೊಡತಿ ಎತ್ತೋಕೇ ಆಗಲ್ಲ, ಎತ್ತಿದರೆ ಕಾಲ ಮೇಲೇ ಬೀಳುತ್ತೆ, ಅಳು. ದೊಡ್ಡವು ಕಣ್ಣುಮುಚ್ಚಿ ಬಡಿದು ಮುಗಿಸಿ, ಮುಂದಿನ ಹುಡುಗಿಯ ಜಡೆಗೆ ಪಕ್ಕದ ಹುಡುಗಿಯ ಜಡೆ ಕಟ್ಟಿ ಮಜಾ ನೋಡುತ್ತವೆ. ಮಾರನೇ ದಿನ ತಮಟೆ: "ಇವತ್ತು ಎಲ್ಲರೂ ಮೂರೆಳೆ!" ಅಯ್ಯೋ ದೇವರೇ, ಒಂದೆಳೆ ಕೂಡ ಹೊಸೆಯೋಕೆ ಬಾರದ ಕೈಗೆ ಮೂರೆಳೆ ಕೊಟ್ಟರೆ ಗಂಟು ಬಿಟ್ಟು ಇನ್ನೇನು ಬರುತ್ತೆ? ಗಂಟು ಬಿಡಿಸೋದರಲ್ಲೇ ನನ್ನ ಅರ್ಧ ಆಯಸ್ಸು ಹೋಯ್ತು. ಮಿಕ್ಕ ಅರ್ಧ ಮೂಗು ಒರೆಸೋದರಲ್ಲಿ.

ಯಜಮಾನರು ವಾರಕ್ಕೊಮ್ಮೆ ಬರುತ್ತಾರೆ. ಮಕ್ಕಳ ಮುಖ ನೋಡಲ್ಲ, ಕೈ ನೋಡಲ್ಲ, ಹಗ್ಗ ನೋಡುತ್ತಾರೆ. ಎಷ್ಟು ಉದ್ದ ಆಯ್ತು, ಇನ್ನೆಷ್ಟು ಆಗಬೇಕು. ಅವರೇನು ಕೆಟ್ಟವರಲ್ಲ. ಲಂಚ ಮುಟ್ಟಿದವರಲ್ಲ, ತಮ್ಮ ಮೊಮ್ಮಗನ ಹಗ್ಗ ಒಂದು ಬೆರಳು ಹೆಚ್ಚಾಯ್ತು ಅಂತ ಎಲ್ಲರೆದುರು ಕತ್ತರಿಸಿದವರು. ಅವರ ಸೊಂಟದಲ್ಲೂ ಚೊಂಬು ಇದೆ. ಹೌದು, ನಮ್ಮೂರಲ್ಲಿ ಅಳತೆ ಯಜಮಾನರನ್ನು ಚಪ್ಪಡಿ ಬಿದ್ದವರಲ್ಲೇ ಆರಿಸುತ್ತಾರೆ. ಸ್ವಂತ ಬಾವಿ ಇಲ್ಲದವನು ಯಾರ ಬಾವಿಯ ಪಕ್ಷವನ್ನೂ ವಹಿಸಲ್ಲ ಅನ್ನೋ ನಂಬಿಕೆ. ಅವರ ಹಿತ್ತಲು ಚೌಕಕ್ಕೆ ಹೊಂದಿಕೊಂಡಿದೆ. ಅವರ ಬಾವಿಯ ಚಪ್ಪಡಿಯೇ ಅವರ ಪೀಠ. ಅದರ ಮೇಲೆ ಕೂತು ಎಲ್ಲರ ಹಗ್ಗ ಅಳೆಯುತ್ತಾರೆ, ಬಾಯಾರಿದಾಗ ಎದ್ದು ಹೋಗಿ ಯಾರದೋ ಬಾಗಿಲಲ್ಲಿ ನಿಲ್ಲುತ್ತಾರೆ.

ಈಗ ಕೊನೆ ಬೀದಿಯ ಹುಡುಗಿಯ ವಿಷಯ. ಎರಡು ವರ್ಷ ಅವಳ ಕೊಡ ಬರಿದಾಗಿ ಬಂದಿತ್ತು. ಇದು ಮೂರನೇ ವರ್ಷದ ಬೇಸಗೆ. ಅವಳಿಗಾಗಿ ಕಡಿದ ಚಪ್ಪಡಿ ಆಗಲೇ ಮನೆ ಮುಂದೆ ಬಂದು ಬಿದ್ದಿತ್ತು. ಅವಳನ್ನು ಸಾಕುತ್ತಿದ್ದ ಅಜ್ಜಿ ಅದರ ಮೇಲೆ ಹಪ್ಪಳ ಒಣಹಾಕಿದ್ದಳು.

"ಏನಜ್ಜಿ, ಇದರ ಮೇಲೆ ಹಪ್ಪಳ?" ಅಂದೆ.

"ಇನ್ನೇನ್ ಮಾಡ್ಲಿ ತಾಯಿ, ತಲೆ ಮೇಲೆ ಹೊತ್ಕೊಂಡ್ ಕುಣೀಲಾ? ಬಿಸಿಲಿಗೆ ಚೆನ್ನಾಗ್ ಕಾಯುತ್ತೆ. ಸೇದೋ ದಿನ ಎಳ್ಕೊಂಡ್ ಹೋಗ್ತಾರೆ, ಅಷ್ಟರಲ್ಲಿ ಒಣಗ್ಲಿ," ಅಂದಳು ಅಜ್ಜಿ. ಅಂದು, ಸೆರಗಲ್ಲಿ ಕಣ್ಣೊರೆಸಿಕೊಂಡಳು. "ನನ್ ಕಾಲ ಮುಗೀತು. ನಾನು ಹೋದ್ಮೇಲೆ ಈ ಕೂಸು ಯಾರ ಬಾಗಿಲಲ್ಲಿ ಚೊಂಬು ಹಿಡ್ಕೊಂಡ್ ನಿಲ್ಲುತ್ತೆ, ನೀನೇ ಹೇಳು."

ನನಗೆ ಏನು ಹೇಳಬೇಕೋ ತೋಚಲಿಲ್ಲ. ತೋಚದಿದ್ದರೆ ನನಗೆ ಸಿಟ್ಟು ಬರುತ್ತೆ. ಹಿತ್ತಲಿಗೆ ಹೋದೆ. ಹುಡುಗಿ ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಪಕ್ಕದಲ್ಲಿ ಅವಳು ಹೊಸೆದ ಹಗ್ಗ. ನಯವಾದ ಹಗ್ಗ, ನಾನೂ ಅಷ್ಟು ಚೆನ್ನಾಗಿ ಹೊಸೆಯಲಾರೆ.

"ಇಷ್ಟು ಚೆನ್ನಾಗಿ ಹೊಸೀತೀಯ, ನೀರ್ ಯಾಕೆ ತರಲ್ಲ ನೀನು?" ಅಂತ ರೇಗಿದೆ. ಎಂಥ ದಡ್ಡ ಪ್ರಶ್ನೆ ನೋಡಿ. ಆದರೂ ಕೇಳಿದೆ.

"ಅಕ್ಕ, ನೀವೇ ಅಂದ್ರಿ ಹಗ್ಗ ಸರಿಯಾಗಿದೆ ಅಂತ."

"ಹಗ್ಗ ಸರಿಯಾಗಿದೆ!"

"ಮತ್ತೆ ನಾನೇನ್ ಮಾಡ್ಲಿ?"

ಕಾಲ ಬುಡದಲ್ಲಿ ಒಂದು ಕಲ್ಲು ಬಿದ್ದಿತ್ತು. ಎತ್ತಿಕೊಂಡೆ, ಸಿಟ್ಟಿನಲ್ಲಿ ಅವಳ ಬಾವಿಯೊಳಕ್ಕೆ ಎಸೆದೆ. ಹಾಳಾಗಿ ಹೋಗಲಿ ಈ ಬಾವಿ ಅಂತ.

ಏನೂ ಕೇಳಿಸಲಿಲ್ಲ. ನಾನು ತಿರುಗಿ ಹೊರಟೆ. ಎರಡು ಹೆಜ್ಜೆ ಇಟ್ಟಿದ್ದೆ, ಆಗ ಕೆಳಗಿನಿಂದ ಎಲ್ಲೋ ಬಹಳ ದೂರದಿಂದ ಬಂತು ಸದ್ದು. ಡುಬುಕ್.

ಹುಡುಗಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇನ್ನೊಂದು ಕಲ್ಲು ಎಸೆದೆ. ಮತ್ತೆ ಅಷ್ಟೇ ಹೊತ್ತು. ಮತ್ತೆ ಡುಬುಕ್. ನೀರು ಇತ್ತು. ಬೇಕಾದಷ್ಟಿತ್ತು. ಬತ್ತಿದ್ದು ಬಾವಿಯಲ್ಲ, ನಮ್ಮ ಬುದ್ಧಿ.

ಆವತ್ತಿನಿಂದ ನಾನು ಮಡಿಲಲ್ಲಿ ಕಲ್ಲು ಕಟ್ಟಿಕೊಂಡು ಊರೆಲ್ಲ ಸುತ್ತಿದೆ. ಒಂದೊಂದು ಹಿತ್ತಲಿಗೂ ಹೋಗೋದು, ಕಲ್ಲು ಬಿಡೋದು, ಕಿವಿಗೊಟ್ಟು ನಿಲ್ಲೋದು. ಇಣುಕಬಾರದು ಅಂತ ನೇಮ ಇದೆ, ಕೇಳಬಾರದು ಅಂತ ಇಲ್ಲವಲ್ಲ! ಒಂದು ಬಾವಿ ಕಲ್ಲು ಬಿಟ್ಟ ಕೂಡಲೇ ಉತ್ತರ ಕೊಡುತ್ತೆ, ಪಟಪಟ ಮಾತಾಡೋ ಮಕ್ಕಳ ಹಾಗೆ. ಒಂದು ಬಾವಿ ಕಾಯಿಸಿ ಕಾಯಿಸಿ ಕೊಡುತ್ತೆ. ಒಂದರಲ್ಲಿ ನೀರಿಗಿಂತ ಮುಂಚೆ ಗೋಡೆಗೆ ಬಡಿದ ಸದ್ದು, ಅಂದರೆ ದಾರಿ ಸೊಟ್ಟ. ಜನ ಬಾಗಿಲಲ್ಲಿ ನಿಂತು ನಕ್ಕರು. "ಹಗ್ಗದಕ್ಕನಿಗೆ ಅರಳು ಮರಳು, ಕಲ್ಲು ಎಸ್ಕೊಂಡ್ ಓಡಾಡ್ತಾಳೆ," ಅಂದರು. ಅನ್ನಲಿ. ಇಷ್ಟು ವರ್ಷ ಸುಮ್ಮನೆ ಹಗ್ಗ ನೋಡಿಕೊಂಡು ಕೂತಿದ್ದಾಗ ನನ್ನನ್ನು ಯಾರೂ ಹುಚ್ಚಿ ಅನ್ನಲಿಲ್ಲ ನೋಡಿ, ಅದೇ ನನಗೆ ಆಶ್ಚರ್ಯ.

ಹಗ್ಗದ ಮನೆಯಲ್ಲಿ ಸಾಲು ಮುರಿದೆ. ಪುಟ್ಟವಕ್ಕೆ ನೆನೆಸಿದ ಮೆತ್ತನೆ ನಾರು ಕೊಟ್ಟೆ, ತೊಡೆ ಮೇಲೆ ಇಟ್ಟು ಉಜ್ಜಿ ಆಡಿಕೊಳ್ಳಲಿ ಅಂತ. ಉಜ್ಜಿದ ಎಳೆಯನ್ನು ನಡುವೆ ಮಡಚಿ ಬಿಟ್ಟರೆ ಅದು ತನಗೆ ತಾನೇ ಸುತ್ತಿಕೊಂಡು ಎರಡೆಳೆಯಾಗುತ್ತೆ. ಅದನ್ನು ನೋಡಿ ಅವು ಕೇಕೆ ಹಾಕಿ ನಕ್ಕವು. ಜಡೆ ಕಟ್ಟೋ ದೊಡ್ಡವರಿಗೆ ಕೈಗೆ ಸವಾಲಾಗುವಂಥ ಬಿಗಿ ಹುರಿ ಕೊಟ್ಟೆ, ಜಡೆಯ ತಂಟೆ ತಾನಾಗಿ ನಿಂತಿತು. ಕೂತಲ್ಲಿ ಕೂರದ ಹುಡುಗನೊಬ್ಬನಿದ್ದ, ಅವನಿಗೆ ಹಗ್ಗದ ತುದಿ ಹಿಡಿದು ಹಿಂದೆ ಹಿಂದೆ ನಡೆಯೋ ಕೆಲಸ ಕೊಟ್ಟೆ. ಅವನು ದಿನವೆಲ್ಲ ನಡೆದ, ಹಗ್ಗ ನೆಟ್ಟಗೆ ಬಂತು. ಹೊರಗೆ ತಮಟೆಯವನು ಗಂಟಲು ಹರಿಯೋ ಹಾಗೆ ಕೂಗುತ್ತಿದ್ದ: "ಇವತ್ತು ಎಲ್ಲರೂ ಮೂರೆಳೆ!" ಕೂಗಿಕೋ ಅಂದೆ.

ದೂರು ಹೋಗದೆ ಇರುತ್ತಾ? ಯಜಮಾನರು ಬಂದರು. ಚಪ್ಪರದ ಕೆಳಗೆ ನಿಂತು ಸುತ್ತ ನೋಡಿದರು. ಒಂದು ಮಗುವಿನ ಕೈಯಲ್ಲಿದ್ದದ್ದು ಇನ್ನೊಂದು ಮಗುವಿನ ಕೈಯಲ್ಲಿ ಇರಲಿಲ್ಲ. ಅವರಿಗೆ ತಲೆ ಸುತ್ತು ಬಂದ ಹಾಗಾಯಿತು.

"ಏನಮ್ಮ ಇದು, ಸಂತೆ ಮಾಡಿಟ್ಟಿದ್ದೀಯ?"

"ಯಜಮಾನರೇ, ಬಾವಿ ಬೇರೆ ಬೇರೆ ಇದೆ. ಹಗ್ಗವೂ ಬೇರೆ ಬೇರೆ ಇರಲಿ. ಆ ಕೊನೆ ಬೀದಿ ಹುಡುಗಿಗೆ ಇನ್ನರ್ಧ ಹಗ್ಗ ಜಾಸ್ತಿ ಕೊಡಿ, ನಾಳೆಯೇ ನೀರು ತರ್ತಾಳೆ."

"ಒಬ್ಬರಿಗೆ ಉದ್ದ, ಒಬ್ಬರಿಗೆ ಗಿಡ್ಡ ಕೊಟ್ಟರೆ ಭೇದ ಮಾಡಿದ ಹಾಗಾಗಲ್ವಾ? ನನ್ನ ಮೊಮ್ಮಗನಿಗೇ ನಾನು ಕೊಡಲಿಲ್ಲ."

"ಅಯ್ಯೋ, ಕೊಡಬೇಕಾಗಿರೋದು ನೀರು, ಹಗ್ಗ ಅಲ್ಲ! ನೀರು ಎಲ್ಲರಿಗೂ ಸಿಗಲಿ, ಹಗ್ಗ ಹೇಗಾದರೂ ಇರಲಿ."

"ನೇಮ ಇರೋದು ಹಗ್ಗಕ್ಕೆ," ಅಂದರು ಯಜಮಾನರು, ತುಂಬ ತಾಳ್ಮೆಯಿಂದ. ಅವರ ಆ ತಾಳ್ಮೆಗೇ ನನ್ನ ಮೈ ಉರಿಯೋದು. "ಬತ್ತಿದ ಬಾವಿಗೆ ಎಷ್ಟು ಉದ್ದದ ಹಗ್ಗ ಬಿಟ್ಟರೂ ಅಷ್ಟೇನಮ್ಮ. ನನ್ನನ್ನೇ ನೋಡು. ಮೂರು ವರ್ಷ ಬಿಟ್ಟೆ. ಮೂರು ವರ್ಷವೂ ಕೊಡದ ತುಂಬ ಕೆಸರು ಬಂತು. ಬತ್ತಿತ್ತು. ಒಪ್ಪಿಕೊಂಡೆ. ಯಾರ ಮೇಲೂ ಹಗೆ ಇಟ್ಟುಕೊಳ್ಳಲಿಲ್ಲ."

ನನ್ನ ಬಾಯಿ ನನ್ನ ಮಾತು ಕೇಳಲ್ಲ. "ಕೆಸರು ಬಂತು ಅಂದ್ರೆ ನೀರಿತ್ತು ಅಂತಲ್ವಾ ಯಜಮಾನರೇ! ನೀರಿಲ್ಲದೆ ಕೆಸರು ಎಲ್ಲಿಂದ ಬರುತ್ತೆ?" ಅಂದುಬಿಟ್ಟೆ.

ಅವರ ಕೈ ಸೊಂಟದ ಚೊಂಬಿನ ಮೇಲೆ ಹೋಯಿತು. ತಿರುಗಿ ಹೊರಟರು. ಹೋಗುತ್ತಾ ಬಾಗಿಲ ಹತ್ತಿರ ನಿಂತು, "ಹಗ್ಗ ಕಂಬಕ್ಕೆ ಸರಿಯಾಗಿರಲಿ," ಅಂತ ಮಾತ್ರ ಅಂದರು.

ಸರಿ. ಕಂಬಕ್ಕೆ ಸರಿಯಾಗಿರಬೇಕು ತಾನೆ? ಇರುತ್ತೆ.

ಹಗ್ಗ ಹೊಸೆಯೋರಿಗೆ ಗೊತ್ತು: ಹುರಿ, ಅಂದರೆ ತಿರುಚು, ಹೆಚ್ಚಾದಷ್ಟೂ ಹಗ್ಗ ಗಿಡ್ಡವಾಗುತ್ತೆ, ಹುರಿ ಬಿಚ್ಚಿದರೆ ಉದ್ದವಾಗುತ್ತೆ. ನಾನೂ ಆ ಹುಡುಗಿಯೂ ಸೇರಿ ಕಂಬದ ಅಳತೆಗಿಂತ ಎಷ್ಟೋ ಉದ್ದದ ಹಗ್ಗ ಮಾಡಿದೆವು. ಆಮೇಲೆ ಅದಕ್ಕೆ ಹುರಿ ಹಾಕಿದೆವು, ಹಾಕಿದೆವು, ಹಾಕುತ್ತಲೇ ಹೋದೆವು. ನನ್ನ ಅಂಗೈ ಸುಲಿಯಿತು. ಹುಡುಗಿ ಮಾತ್ರ ಹಲ್ಲು ಕಚ್ಚಿ ತಿರುವಿದಳು. ಬಿಗಿಯಾಗಿ ಎಳೆದು ಹಿಡಿದರೆ ಈ ಹಗ್ಗ ಕಂಬಕ್ಕೆ ಸರಿಯಾಗಿ ನಿಲ್ಲುತ್ತೆ. ಬಾವಿಗೆ ಇಳಿಬಿಟ್ಟರೆ ಕೊಡದ ಭಾರಕ್ಕೆ ಗಿರಗಿರ ತಿರುಗಿ ಹುರಿ ಬಿಚ್ಚಿ ಕೆಳಗೆ ಕೆಳಗೆ ಬೆಳೆಯುತ್ತಾ ಹೋಗುತ್ತೆ. ಆ ದೂರದ ಡುಬುಕ್ ತನಕ.

"ಅಕ್ಕ, ಇದು ಮೋಸ ಅಲ್ವಾ?" ಅಂತ ಕೇಳಿದಳು ಹುಡುಗಿ.

"ಬಾಯಿ ಮುಚ್ಕೊಂಡು ಹುರಿ ಹಾಕು," ಅಂದೆ. ಅವಳು ನಕ್ಕಳು. ಆ ಹುಡುಗಿ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ದಿನಾ ನಗೋಳು. ಹುರಿ ಹಾಕುತ್ತಾ ಹಾಕುತ್ತಾ ಕಥೆ ಹೇಳೋಳು, ಪುಟ್ಟವಕ್ಕೆ ಎಳೆ ಮಡಚೋದು ತೋರಿಸೋಳು, ಅವುಗಳ ಜೊತೆ ತಾನೂ ಕೇಕೆ ಹಾಕೋಳು. ಅವಳು ಬದಲಾಗುತ್ತಿದ್ದಳು. ನಾನು ಕಣ್ಣೆದುರೇ ನೋಡುತ್ತಿದ್ದೆ. ನೋಡಿ ಸಂತೋಷಪಟ್ಟೆ. ಸಂತೋಷಪಟ್ಟು ಸುಮ್ಮನಾದೆ, ಅದೇ ತಪ್ಪಾಗಿದ್ದು.

ಸೇದುವ ದಿನ ಬಂತು. ಚಪ್ಪಡಿ ಎಳೆಯೋ ಆಳುಗಳು ಬೆಳಗ್ಗೆಯೇ ಕೊನೆ ಬೀದಿಗೆ ಹೋಗಿ ಹಪ್ಪಳ ತೆಗೆಸಿ ಕಲ್ಲನ್ನು ಬಾವಿಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅಜ್ಜಿ ಹಪ್ಪಳದ ಮೊರ ಎದೆಗವಚಿಕೊಂಡು ಮೂಲೆಯಲ್ಲಿ ನಿಂತಳು. ಹುಡುಗಿಗೆ ಕೊಡಬೇಕಾದ ಹೊಸ ಚೊಂಬನ್ನು ಯಾರೋ ಹುಣಸೆಹಣ್ಣು ಹಾಕಿ ಫಳಫಳ ತೊಳೆದು ತಂದಿದ್ದರು.

ಚೌಕದಲ್ಲಿ ಹಗ್ಗ ಕಟ್ಟಿದರು. ಯಜಮಾನರು ಬೆರಳಿಟ್ಟು ನೋಡಿದರು. ಆ ಕಂಬದಿಂದ ಈ ಕಂಬಕ್ಕೆ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿ ಇಲ್ಲ. "ಸರಿ ಇದೆ," ಅಂದರು. ನಾನು ಗೆದ್ದೆ ಅಂದುಕೊಂಡೆ. ಊರೆಲ್ಲ ಅವಳ ಹಿತ್ತಲಿಗೆ ಬಂತು. ಹಗ್ಗದ ತುದಿ ಗೂಟಕ್ಕೆ ಕಟ್ಟಿದರು, ಕೊಡ ತಂದಿಟ್ಟರು. "ಬಿಡು, ಪೂರ್ತಿ ಬಿಡು!" ಶುರುವಾಯಿತು.

ಹುಡುಗಿ ಹಗ್ಗ ಬಿಡಲಿಲ್ಲ. ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು.

"ಅದೇನು?" ಅಂದರು ಯಜಮಾನರು.

"ಕೇಳೋಕೆ ತಾತ."

"ಏನು ಕೇಳೋಕೆ?"

"ಎಷ್ಟು ದೂರದಲ್ಲಿದೆ ಅಂತ."

ಕಲ್ಲು ಬಿಟ್ಟಳು. ಜನ ಸುಮ್ಮನಾದರು. ನಾನು ಆ ದೂರದ ಸದ್ದಿಗೆ ಕಾಯೋಕೆ ತಯಾರಾಗಿ ನಿಂತಿದ್ದೆ. ಕಾಯಬೇಕಾಗಲೇ ಇಲ್ಲ. ಡುಬುಕ್! ಕಟ್ಟೆಯಿಂದ ಸ್ವಲ್ಪ ಕೆಳಗೇ, ಪಕ್ಕದಲ್ಲಿ ಯಾರೋ ತಟ್ಟಿದ ಹಾಗೆ.

ನೀರು ಏರಿತ್ತು.

ನನಗೆ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಬೇಸಗೆಯಲ್ಲಿ ಕೇಳಿದ ಸದ್ದನ್ನೇ ತಲೆಯಲ್ಲಿಟ್ಟುಕೊಂಡು ಇಷ್ಟು ಉದ್ದದ ಹಗ್ಗ ಮಾಡಿದ್ದೆನಲ್ಲ! ಆ ಪುಣ್ಯಾತ್ಮ ತನ್ನ ಬಾವಿಗೆ ಒಮ್ಮೆ ಅಳೆದು ಊರಿಗೆಲ್ಲ ಕಟ್ಟಿದ. ನಾನು ಇವಳ ಬಾವಿಗೆ ಒಮ್ಮೆ ಕೇಳಿ ವರ್ಷಕ್ಕೆಲ್ಲ ಕಟ್ಟಿದೆ. ಅವನಿಗೂ ನನಗೂ ಏನು ವ್ಯತ್ಯಾಸ, ಹೇಳಿ? ಈಗ ಹಗ್ಗ ಬಿಟ್ಟರೆ ಹುರಿ ಬಿಚ್ಚಿ ಬೆಳೆದು ಬೆಳೆದು ಕೊಡ ತಳಕ್ಕೆ ಬಡಿದು ನುಚ್ಚುನೂರಾಗುತ್ತೆ. ಉಳಿದೆಲ್ಲರ ಹಗ್ಗಕ್ಕಿಂತ ಈ ಹಗ್ಗ ಅವಳಿಗೆ ಹೆಚ್ಚು ಕೆಟ್ಟದ್ದು. ಅದನ್ನು ಮಾಡಿದವಳು ನಾನು. ಅಂಗೈ ಸುಲಿದುಕೊಂಡು, ಪ್ರೀತಿಯಿಂದ ಮಾಡಿದ್ದೆ ಬೇರೆ.

"ಬಿಡು, ಪೂರ್ತಿ ಬಿಡು!" ಜನ ಮತ್ತೆ ಕೂಗಿದರು. ಆಳುಗಳು ಚಪ್ಪಡಿಗೆ ಕೈ ಹಾಕಿದರು.

ಹುಡುಗಿ ನನ್ನ ಕಡೆ ನೋಡಿದಳು. ನನ್ನ ಹತ್ತಿರ ಏನೂ ಇರಲಿಲ್ಲ. ಬರಿಗೈ ತೋರಿಸಿದೆ.

ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಹಗ್ಗದ ಇನ್ನೊಂದು ತುದಿಯನ್ನೂ ತಂದು ಅದೇ ಗೂಟಕ್ಕೆ ಕಟ್ಟಿದಳು. ಹಗ್ಗದ ನಡುಮಧ್ಯೆ ಹಿಡಿದು, ಬಿಗಿಯಾಗಿ ಎಳೆದು, ಮೆಲ್ಲಗೆ ಸಡಿಲ ಬಿಟ್ಟಳು. ನಾವು ಹಾಕಿದ್ದ ಆ ಹುರಿಯೆಲ್ಲ ಒಮ್ಮೆಲೇ ಎಚ್ಚರಾದ ಹಾಗೆ ಹಗ್ಗ ತನಗೆ ತಾನೇ ಸುತ್ತಿಕೊಂಡಿತು, ಸರಸರ, ಸರಸರ. ಪುಟ್ಟವರ ಎರಡೆಳೆ! ಹಾಲುಹಲ್ಲಿನ ಮಕ್ಕಳು ತೊಡೆ ಮೇಲೆ ಉಜ್ಜಿ ಮಡಚಿ ಆಡುತ್ತಿದ್ದ ಆಟ. ಹಗ್ಗ ಅರ್ಧವಾಯಿತು, ದಪ್ಪ ಎರಡರಷ್ಟಾಯಿತು, ಇನ್ನು ಬಿಚ್ಚಿಕೊಳ್ಳೋ ಹಾಗಿರಲಿಲ್ಲ. ಹಗ್ಗ ಮಡಚಿದ ಕಡೆ ಉಳಿದ ಕುಣಿಕೆಗೆ ಕೊಡದ ಕತ್ತು ಸಿಕ್ಕಿಸಿದಳು. ಇಳಿಬಿಟ್ಟಳು. ಪೂರ್ತಿ ಬಿಟ್ಟಳು.

ಸೇದಿದಳು. ಕೊಡ ಮೇಲೆ ಬಂತು. ಕಂಠಮಟ್ಟ ನೀರು. ಕಟ್ಟೆಯ ಮೇಲಿಟ್ಟಾಗ ತುಳುಕಿ ಯಜಮಾನರ ಪಾದ ನೆನೆಯಿತು.

ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಎಲ್ಲರೂ ಯಜಮಾನರ ಬಾಯಿ ನೋಡುತ್ತಿದ್ದರು. ಅವರು ಹುಡುಗಿಯ ಹತ್ತಿರ ಬಂದು, "ಕೈ ತೋರಿಸು," ಅಂದರು. ಅವಳು ಎರಡೂ ಅಂಗೈ ಬಿಡಿಸಿದಳು. ಒಂದು ಗೇಣು ಹಗ್ಗವೂ ಉಳಿದಿರಲಿಲ್ಲ. ಬೊಬ್ಬೆಗಳು ಮಾತ್ರ ಇದ್ದವು. ಅಷ್ಟು ವರ್ಷದಲ್ಲಿ ಅವರು ಒಂದು ಮಗುವಿನ ಕೈ ನೋಡಿದ್ದು ಅದೇ ಮೊದಲು. ತುಂಬ ಹೊತ್ತು ನೋಡಿದರು.

"ಕಲ್ಲು ಒಯ್ಯಿರಿ," ಅಂದರು ಆಳುಗಳಿಗೆ.

ಮೂಲೆಯಲ್ಲಿ ಅಜ್ಜಿಯ ಕೈಯಿಂದ ಮೊರ ಜಾರಿ ಹಪ್ಪಳವೆಲ್ಲ ಚೂರಾಯಿತು. "ಹೋಗ್ಲಿ ಬಿಡು, ಹೋಗ್ಲಿ ಬಿಡು," ಅಂತ ಅವಳು ಅಳುತ್ತಾ ನಗುತ್ತಾ ಅಲ್ಲೇ ಕೂತುಬಿಟ್ಟಳು.

ಇಲ್ಲಿಗೆ ಮುಗಿಯಬೇಕಿತ್ತು. ಯಜಮಾನರು ಮಾತ್ರ ಅಲ್ಲಾಡಲಿಲ್ಲ. ಬಾವಿಯ ಬಾಯಿಯನ್ನೇ ನೋಡುತ್ತಾ, "ಅಷ್ಟು ಹತ್ತಿರ ಇದ್ದರೆ ಸದ್ದು ಹಾಗೆ ಬರುತ್ತಾ?" ಅಂತ ಹುಡುಗಿಯನ್ನು ಕೇಳಿದರು.

"ಹೂಂ ತಾತ. ದೂರ ಇದ್ರೆ ತಡ ಆಗುತ್ತೆ."

ಅವರು ಸರಸರನೆ ಚೌಕದ ಕಡೆ ನಡೆದರು. ಆಳುಗಳನ್ನು ಕರೆದು ತಮ್ಮ ಪೀಠದ ಮುಂದೆ ನಿಂತು, "ಇದನ್ನು ಸರಿಸಿ," ಅಂದರು. ಆಳುಗಳು ಮುಖ ಮುಖ ನೋಡಿಕೊಂಡರು. ಚಪ್ಪಡಿ ಎಳೆದು ಗೊತ್ತೇ ಹೊರತು ತೆಗೆದು ಗೊತ್ತಿರಲಿಲ್ಲ. ಹಾರೆ ಹಾಕಿ ಮೀಟಿದರು. ಅವರು ಕೂತೂ ಕೂತೂ ಸವೆದು ನುಣುಪಾದ ಕಲ್ಲು ಗರಗರ ಸದ್ದು ಮಾಡುತ್ತಾ ಒಂದು ಮೊಳ ಸರಿಯಿತು. ಒಳಗೆ ಕತ್ತಲೆ.

ಹುಡುಗಿ ಅವರ ಕೈಗೆ ಒಂದು ಕಲ್ಲು ಕೊಟ್ಟಳು. ಯಜಮಾನರು ಕಲ್ಲು ಬಿಟ್ಟರು.

ಬಿಟ್ಟ ಕೂಡಲೇ ಡುಬುಕ್. ನೀರು ಸಿಡಿದು ಅವರ ಮುಖಕ್ಕೇ ಹಾರಿತು.

ಅವರು ಕೂತ ಜಾಗದಿಂದ ಒಂದು ಮೊಳ ಕೆಳಗೆ ಅಷ್ಟೆ. ಇಷ್ಟು ಕಾಲ ಅವರು ನೀರಿನ ಮೇಲೇ ಕೂತಿದ್ದರು. ಕೂತು, ಬಾಯಾರಿ, ಎದ್ದು ಹೋಗಿ, ಕಂಡವರ ಬಾಗಿಲಲ್ಲಿ ನಿಂತಿದ್ದರು.

"ನನಗೆ ಎಷ್ಟು ಉದ್ದದ ಹಗ್ಗ ಬೇಕಾಗಿತ್ತಮ್ಮ?" ಅಂದರು ನನ್ನ ಕಡೆ ತಿರುಗದೆ.

"ಹಗ್ಗವೇ ಬೇಕಾಗಿರಲಿಲ್ಲ ಯಜಮಾನರೇ," ಅಂದೆ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

ಅವರು ಸೊಂಟದಿಂದ ಚೊಂಬು ಬಿಚ್ಚಿದರು. ಎರಡೂ ಕೈಯಲ್ಲಿ ಹಿಡಿದು ತಮ್ಮ ಬಾವಿಯ ಮುಂದೆ ನೆಟ್ಟಗೆ ನಿಂತರು, ಎಲ್ಲರ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೇ. ನಿಂತು, "ಒಂದು ಚೊಂಬು ನೀರು ಕೊಡ್ತೀರಾ?" ಅಂದರು.

ಯಾರನ್ನು ಕೇಳಿದರೋ.

"ನಿಮ್ಮದೇ ಅಲ್ವಾ ತಾತ," ಅಂದಳು ಹುಡುಗಿ. "ತಗೊಳ್ಳಿ."

ಅವರು ತಗೊಳ್ಳಲಿಲ್ಲ. ಚೊಂಬು ಚಾಚಿಕೊಂಡು ನಿಂತೇ ಇದ್ದರು, ಯಾರಾದರೂ ಬಂದು ಹಾಕಲಿ ಅಂತ. ನನಗೆ ಎಲ್ಲಿತ್ತೋ ಸಿಟ್ಟು, ಅವರ ಮೇಲೋ, ಆ ಕಂಬಗಳ ಮೇಲೋ, ಬೇಸಗೆಯಲ್ಲಿ ಒಂದು ಸಲ ಕೇಳಿ ಸುಮ್ಮನಾದ ನನ್ನ ಕಿವಿಯ ಮೇಲೋ, ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ಬೇರೆ ಬರುತ್ತಿತ್ತು.

"ಬಗ್ಗಿ ಯಜಮಾನರೇ!" ಅಂತ ಕಿರುಚಿದೆ. "ಬಗ್ಗಿ ಅಂದ್ರೆ!"

ಹುಡುಗಿ ಅವರ ತೋಳು ಹಿಡಿದುಕೊಂಡಳು. ಅವರು ಮೆಲ್ಲಗೆ ಬಗ್ಗಿದರು.